ಸ್ವಚ್ಛ ವಾಹಿನಿಯ ಕ್ಲಚ್ ಮತ್ತು ಗೇರ್ ಬಾಕ್ಸ್: ದೋಷ ಪತ್ತೆ, ಪಾಲನೆ ಹಾಗೂ ದಾಖಲೆ

ಗ್ರಾಮ ಪಂಚಾಯತಿಗಳಲ್ಲಿ ಮನೆಮನೆಯಿಂದ ಹಸಿ ಕಸ ಮತ್ತು ಒಣ ಕಸವನ್ನು ಬೇರೆಬೇರೆಯಾಗಿ ಸಂಗ್ರಹಿಸುವ ಸ್ವಚ್ಛ ವಾಹಿನಿಗಳ ನಿರ್ವಹಣೆಯನ್ನು ಸಂಜೀವಿನಿ ಒಕ್ಕೂಟಗಳಿಗೆ ಒಡಂಬಡಿಕೆಯ ಮೂಲಕ ವಹಿಸುವ ಹಾಗೂ ಸ್ವಸಹಾಯ ಸಂಘಗಳ ಮಹಿಳೆಯರಿಗೆ ಚಾಲನಾ ತರಬೇತಿ ನೀಡಿ ಅವರನ್ನೇ ಚಾಲಕಿಯರನ್ನಾಗಿ ನೇಮಿಸಿಕೊಳ್ಳುವ ಕ್ರಮವು ರಾಜ್ಯದಲ್ಲಿ ಜಾರಿಯಲ್ಲಿದೆ. ಈ ವಾಹನಗಳಲ್ಲಿ ಹೆಚ್ಚಿನವು ಕೈಯಿಂದ ಗೇರ್ ಬದಲಿಸುವ ಸಣ್ಣ ಸರಕು ವಾಹನಗಳು. ಅವುಗಳ ಕ್ಲಚ್ ಮತ್ತು ಗೇರ್ ಬಾಕ್ಸ್ ಕೆಲಸ ಮಾಡುವ ತತ್ತ್ವವು ಸಾಮಾನ್ಯ ಕಾರಿನದೇ ಆಗಿದೆ. ಆದರೆ ಕಾರು ಮಾಡುವ ಕೆಲಸಕ್ಕೂ ಕಸದ ವಾಹನ ಮಾಡುವ ಕೆಲಸಕ್ಕೂ ಬಹಳ ಅಂತರವಿದೆ. ಆ ಅಂತರವನ್ನು ಅರಿಯದೆ ದುರಸ್ತಿಗೆ ಮುಂದಾದಲ್ಲಿ ಪಂಚಾಯತಿಯ ಹಣವೂ ಚಾಲಕಿಯ ಹೆಸರೂ ಒಟ್ಟಿಗೆ ಹಾಳಾಗುತ್ತವೆ. ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲ್ಲೂಕುಗಳ ಪಂಚಾಯತಿ ಸಿಬ್ಬಂದಿ, ಒಕ್ಕೂಟದ ಪದಾಧಿಕಾರಿಗಳು ಮತ್ತು ಚಾಲಕಿಯರ ತಿಳಿವಳಿಕೆಗಾಗಿ ಈ ಪಾಠವನ್ನು ಸಿದ್ಧಪಡಿಸಲಾಗಿದೆ. ವಿದ್ಯುತ್ ಚಾಲಿತ ವಾಹನಗಳಿಗೆ ಇದು ಅನ್ವಯಿಸುವುದಿಲ್ಲ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಬೆಳಗಿನ ಏಳು ಗಂಟೆ. ಕಸ ತುಂಬಿದ ವಾಹನವು ವಿಲೇವಾರಿ ಘಟಕದ ಏರಿನಲ್ಲಿ ನಿಂತುಬಿಡುತ್ತದೆ. ಎಂಜಿನ್ ಕೂಗುತ್ತದೆ, ಗಾಲಿ ಮುಂದೆ ಸಾಗದು, ಸುಟ್ಟ ವಾಸನೆ ಬರುತ್ತದೆ. ಗ್ಯಾರೇಜಿನಿಂದ ಬಂದವರು ಬಾನೆಟ್ಟನ್ನಾಗಲಿ ಪೆಡಲನ್ನಾಗಲಿ ಮುಟ್ಟದೆ, “ಅಕ್ಕಾರ, ಕ್ಲಚ್ ಪ್ಲೇಟ್ ಸುಟ್ಟೈತ್ರಿ, ಗೇರ್ ಬಾಕ್ಸ್ ಇಳಸಬೇಕು” ಎನ್ನುತ್ತಾರೆ. ಅಷ್ಟರಲ್ಲಿ ಕಟ್ಟೆಯ ಮೇಲೆ ಕುಳಿತವರ ತೀರ್ಪೂ ಹೊರಬಿದ್ದಿರುತ್ತದೆ: “ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗ ಆಕ್ಕೈತಿ.” ಈ ಎರಡು ಮಾತುಗಳಲ್ಲಿ ಯಾವುದನ್ನೂ ಪರೀಕ್ಷೆ ಇಲ್ಲದೆ ಒಪ್ಪಬಾರದು. ಇದೇ ಲಕ್ಷಣವು ಕೇಬಲ್ ಬಿಗಿಯಾಗಿರುವುದರಿಂದಲೂ ಬರಬಹುದು. ಅದನ್ನು ಸರಿಪಡಿಸಲು ಒಂದು ಪಾನಾ ಮತ್ತು ಹತ್ತು ನಿಮಿಷ ಸಾಕು.

ಕ್ಲಚ್ ಎಂದರೇನು

ಎಂಜಿನ್ನಿನ ಹಿಂಭಾಗದಲ್ಲಿ ಫ್ಲೈವೀಲ್ ಎಂಬ ಭಾರವಾದ ಉಕ್ಕಿನ ಚಕ್ರವು ಎಂಜಿನ್ನಿನೊಂದಿಗೆ ಸದಾ ತಿರುಗುತ್ತಿರುತ್ತದೆ. ಅದರ ಎದುರಿಗೆ ಕ್ಲಚ್ ಪ್ಲೇಟ್ ಇರುತ್ತದೆ. ಇದರ ಎರಡೂ ಮುಖಗಳಿಗೆ ಘರ್ಷಣೆಯ ಲೈನಿಂಗ್ ಅಂಟಿಸಿ ರಿವೆಟ್ ಹೊಡೆದಿರುತ್ತಾರೆ. ಇದರ ನಡುವಿನ ಹಲ್ಲುಗಳು ಗೇರ್ ಬಾಕ್ಸಿನ ಶಾಫ್ಟಿನ ಮೇಲೆ ಕೂತಿರುತ್ತವೆ. ಮೂರನೆಯದು ಪ್ರೆಷರ್ ಪ್ಲೇಟ್. ಇದು ತನ್ನ ತಟ್ಟೆಯಾಕಾರದ ಸ್ಪ್ರಿಂಗಿನ ಬಲದಿಂದ ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿದಿರುತ್ತದೆ. ಬೀಸುವ ಕಲ್ಲಿನ ಮೇಲಿನ ಕಲ್ಲನ್ನು ಕೆಳಗಿನ ಕಲ್ಲಿಗೆ ಗಟ್ಟಿಯಾಗಿ ಬಿಗಿದುಬಿಟ್ಟರೆ ಎರಡೂ ಒಂದಾಗಿ ತಿರುಗುವಂತೆ ಇದನ್ನು ತಿಳಿಯಬಹುದು. ಚಾಲಕಿ ಪೆಡಲನ್ನು ಒತ್ತಿದಾಗ ಕೇಬಲ್ ಅಥವಾ ಹೈಡ್ರಾಲಿಕ್ ದ್ರವದ ಒತ್ತಡವು ರಿಲೀಸ್ ಬೇರಿಂಗನ್ನು ಮುಂದಕ್ಕೆ ತಳ್ಳುತ್ತದೆ. ಬೇರಿಂಗು ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತದೆ, ಹಿಡಿತ ಬಿಡುತ್ತದೆ, ಎಂಜಿನ್ ಮತ್ತು ಗೇರ್ ಬಾಕ್ಸ್ ಬೇರೆಯಾಗುತ್ತವೆ.

ಪೆಡಲ್ ಪೂರ್ತಿ ಮೇಲಿದ್ದಾಗ ಪೂರ್ತಿ ಹಿಡಿತ, ಪೂರ್ತಿ ಕೆಳಗಿದ್ದಾಗ ಪೂರ್ತಿ ಬಿಡುಗಡೆ. ಈ ಎರಡರ ನಡುವಿನ ಸ್ಥಿತಿಯನ್ನು ಎಲ್ಲರೂ ಹಾಫ್ ಕ್ಲಚ್ ಎಂದು ಕರೆಯುತ್ತಾರೆ. ಹಾಫ್ ಕ್ಲಚ್ಚಿನಲ್ಲಿ ಪ್ಲೇಟ್ ಜಾರುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ವಾಹನ ಹೊರಡಬೇಕಾದರೆ ಸ್ವಲ್ಪ ಜಾರುವಿಕೆ ಅನಿವಾರ್ಯ. ಎಷ್ಟು ಹೊತ್ತು, ಯಾವ ಗೇರಿನಲ್ಲಿ ಮತ್ತು ಎಷ್ಟು ಭಾರ ಹೊತ್ತು ಎಂಬುದರ ಮೇಲೆ ಅದರ ಆಯುಷ್ಯ ನಿಂತಿದೆ.

ಕಸದ ವಾಹನದ ಕೆಲಸ ಏಕೆ ಕಠಿಣ

ಮುನ್ನೂರು ಮನೆಗಳ ಒಂದು ಊರಿನಲ್ಲಿ ನಾಲ್ಕು ಮನೆಗೊಮ್ಮೆ ವಾಹನ ನಿಂತರೆ ಒಂದು ಬೆಳಿಗ್ಗೆ 75 ಬಾರಿ ನಿಂತು 75 ಬಾರಿ ಹೊರಡಬೇಕು. ನರಗುಂದದಿಂದ ಹುಬ್ಬಳ್ಳಿಗೆ ಹೆದ್ದಾರಿಯಲ್ಲಿ ಹೋಗುವ ಕಾರಿಗೆ ಅಷ್ಟು ಬಾರಿ ಹೊರಡುವ ಪ್ರಸಂಗ ಬಾರದು. ಆದ್ದರಿಂದ ಕ್ಲಚ್ಚಿನ ಆಯುಷ್ಯವನ್ನು ಕಿಲೋಮೀಟರುಗಳಲ್ಲಿ ಅಳೆದು, “ಇಷ್ಟೇ ಓಡಿದೆ, ಇಷ್ಟು ಬೇಗ ಹೇಗೆ ಹೋಯಿತು” ಎಂದು ಚಾಲಕಿಯನ್ನು ಕೇಳುವುದು ನ್ಯಾಯವಲ್ಲ.

ಸ್ವಲ್ಪ ಲೆಕ್ಕ ಮಾಡಿದರೆ ವಿಷಯ ಸ್ಪಷ್ಟವಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಎಂಜಿನ್ನಿನ ವೇಗವನ್ನು ಒಂದೇ ಸಮನೆ ಇಟ್ಟು ಹೊರಟಾಗ, ಕ್ಲಚ್ ಪೂರ್ತಿ ಹಿಡಿಯುವ ಹೊತ್ತಿಗೆ ವಾಹನಕ್ಕೆ ಎಷ್ಟು ಚಲನ ಶಕ್ತಿ ಬಂದಿರುತ್ತದೆಯೋ ಸರಿಸುಮಾರು ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಉಷ್ಣವಾಗಿ ಹೋಗಿರುತ್ತದೆ. ಭಾರ ಸೇರಿ 1,500 ಕಿ.ಗ್ರಾಂ ತೂಗುವ ವಾಹನವು ಮೊದಲ ಗೇರಿನಲ್ಲಿ ಸೆಕೆಂಡಿಗೆ 2 ಮೀಟರ್ ವೇಗಕ್ಕೆ ಬಂದಾಗ ಕ್ಲಚ್ ಹಿಡಿಯಿತೆಂದುಕೊಂಡರೆ ಆ ಉಷ್ಣ ಸುಮಾರು 3,000 ಜೂಲ್. ಎರಡನೆಯ ಗೇರಿನಲ್ಲಿ ಹೊರಟು, ಇದರ ದುಪ್ಪಟ್ಟು ವೇಗದಲ್ಲಿ ಕ್ಲಚ್ ಹಿಡಿದರೆ ಉಷ್ಣವು ದುಪ್ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ 12,000 ಜೂಲ್. 75 ಬಾರಿ ಹೊರಟರೆ ಮೊದಲನೆಯ ರೀತಿಯಲ್ಲಿ ಮುಕ್ಕಾಲು ಲೀಟರಿಗೂ ಕಡಿಮೆ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ. ಎರಡನೆಯ ರೀತಿಯಲ್ಲಿ ಎರಡೂವರೆ ಲೀಟರಿಗೂ ಹೆಚ್ಚು ನೀರನ್ನು ಕುದಿಸುವಷ್ಟು ಶಾಖ. “ಫಸ್ಟ್ ಹಾಕೂದು ಯಾಕ, ಸೆಕೆಂಡಿನ್ಯಾಗ ಎತ್ತತೈತಿ” ಎಂಬ ಅನುಭವಸ್ಥರ ಸಲಹೆಯ ಬೆಲೆ ಇದು. ವಾಹನ ಪೂರ್ತಿ ನಿಂತಿದ್ದರೆ ಮೊದಲ ಗೇರಿನಲ್ಲಿಯೇ ಹೊರಡಬೇಕು.

ಏರಿನಲ್ಲಿ ಬ್ರೇಕ್ ಬಿಟ್ಟು ಹಾಫ್ ಕ್ಲಚ್ಚಿನಲ್ಲಿ ವಾಹನವನ್ನು ಹಿಡಿದು ನಿಲ್ಲಿಸುವ ಅಭ್ಯಾಸ ಇದಕ್ಕಿಂತ ದುಬಾರಿ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಮೇಲೆ ಹೇಳಿದ ವಾಹನವನ್ನು ಹತ್ತು ಸೆಕೆಂಡು ಹಾಗೆ ಹಿಡಿದರೆ ಸಮತಟ್ಟಿನಲ್ಲಿ ಹತ್ತು ಬಾರಿ ಹೊರಟಷ್ಟು ಶಾಖ ಒಂದೇ ಸಲ ಹುಟ್ಟುತ್ತದೆ. ಗಜೇಂದ್ರಗಡದ ಗುಡ್ಡದ ಸೆರಗಿನ ಓಣಿಗಳಲ್ಲಿ ಮತ್ತು ಕಾಲಕಾಲೇಶ್ವರದ ಕಡೆಯ ಇಳಿಜಾರುಗಳಲ್ಲಿ ಓಡಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ನಿಂತಾಗ ಹ್ಯಾಂಡ್ ಬ್ರೇಕ್ ಎಳೆಯುವುದು, ಗೇರ್ ನ್ಯೂಟ್ರಲಿಗೆ ತರುವುದು, ಪೆಡಲಿನಿಂದ ಕಾಲು ತೆಗೆಯುವುದು. ಹೊರಡುವಾಗ ಕ್ಲಚ್ ಹಿಡಿಯತೊಡಗಿದ್ದು ತಿಳಿದ ಮೇಲೆ ಹ್ಯಾಂಡ್ ಬ್ರೇಕ್ ಬಿಡುವುದು. ಇದಕ್ಕೆ ಹ್ಯಾಂಡ್ ಬ್ರೇಕ್ ಸುಸ್ಥಿತಿಯಲ್ಲಿರಬೇಕು. ಹ್ಯಾಂಡ್ ಬ್ರೇಕ್ ಹಿಡಿಯದ ವಾಹನವನ್ನು ಕೊಟ್ಟು ಕ್ಲಚ್ ಸುಟ್ಟಿತೆಂದು ದೂರುವುದರಲ್ಲಿ ಅರ್ಥವಿಲ್ಲ.

ರೋಣ ಮತ್ತು ನರಗುಂದದ ಎರೆ ಭೂಮಿಯ ತೊಂದರೆ ಬೇರೆ ಬಗೆಯದು. ಮಳೆ ಬಿದ್ದಾಗ ಎರೆ ಮಣ್ಣು ಗಾಲಿಗೆ ಅಂಟಿ ವಾಹನ ಹೂತುಹೋಗುತ್ತದೆ. ಆಗ ಎಂಜಿನ್ ಜೋರು ಮಾಡಿ ಹಾಫ್ ಕ್ಲಚ್ಚಿನಲ್ಲಿ ಹಿಂದೆ ಮುಂದೆ ಕುಲುಕುವುದು ಎಲ್ಲರೂ ಮಾಡುವ ಪ್ರಯತ್ನ. ಎರಡು ಮೂರು ಯತ್ನದಲ್ಲಿ ಹೊರಬರದಿದ್ದರೆ ನಿಲ್ಲಿಸಿ, ಗಾಲಿಯ ಮುಂದಿನ ಮಣ್ಣು ಕೆದರಿ, ಕಲ್ಲು ಅಥವಾ ಗೋಣಿ ಚೀಲ ಹಾಸಿ, ಭಾರ ಇಳಿಸಿ ಎಳೆಸಬೇಕು. ಒಂದು ತಾಸಿನ ಹಟ ಒಂದು ಕ್ಲಚ್ ಪ್ಲೇಟಿನ ಆಯುಷ್ಯವನ್ನು ನುಂಗಬಲ್ಲದು.

ಭಾರದ ವಿಷಯದಲ್ಲಿ ಪಂಚಾಯತಿಗಳೂ ತಮ್ಮ ನಡತೆಯನ್ನು ನೋಡಿಕೊಳ್ಳಬೇಕಾಗಿದೆ. ಬೀಡಾಡಿ ಕಸದ ಜೊತೆಗೆ ಚರಂಡಿಯ ಹೂಳು ತುಂಬಿದಾಗ, ಅಥವಾ ಮಧ್ಯಾಹ್ನ ಖಾಲಿ ಇದೆಯೆಂದು ಸಿಮೆಂಟ್ ಚೀಲ, ಗರಸು ಸಾಗಿಸಲು ಹೇಳಿದಾಗ, ವಾಹನದ ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕದ ಮಿತಿ ಎಲ್ಲರಿಗೂ ಮರೆತುಹೋಗುತ್ತದೆ. ಹೂಳು ಕಸಕ್ಕಿಂತ ಬಹುಪಾಲು ಭಾರ. ಅದು ಟ್ರ್ಯಾಕ್ಟರಿನ ಕೆಲಸ.

ಪೆಡಲು ಮತ್ತು ಆಸನ

ತರಬೇತಿಯಲ್ಲಿ ಯಾರೂ ಹೇಳದ ಒಂದು ಸಂಗತಿ ಇಲ್ಲಿ ಹೇಳುವುದು ಅಗತ್ಯ. ಕ್ಲಚ್ ಪೆಡಲ್ ಪೂರ್ತಿ ಕೆಳಗೆ ಹೋಗದಿದ್ದರೆ ಹಿಡಿತ ಪೂರ್ತಿ ಬಿಡುವುದಿಲ್ಲ. ಗೇರ್ ಹಾಕುವಾಗ ಕರಕರ ಸದ್ದಾಗುತ್ತದೆ, ಗೇರ್ ಬಾಕ್ಸಿನ ಸಿಂಕ್ರೊ ರಿಂಗುಗಳು ಸವೆಯುತ್ತವೆ. ಎತ್ತರ ಕಡಿಮೆ ಇರುವ ಚಾಲಕಿಗೆ, ಆಸನ ಮುಂದಕ್ಕೆ ಸರಿಯದ ವಾಹನದಲ್ಲಿ, ಪೆಡಲನ್ನು ಕೊನೆಯವರೆಗೆ ಒತ್ತಲು ಸೊಂಟ ಸರಿಸಿ ಕಾಲ್ಬೆರಳಿನಿಂದ ತಳ್ಳಬೇಕಾಗುತ್ತದೆ. ಎಪ್ಪತ್ತೈದನೆಯ ಸಲಕ್ಕೆ ಯಾರ ಕಾಲಾದರೂ ಸೋಲುತ್ತದೆ. ಇದು ಚಾಲನೆಯ ಅಜ್ಞಾನವಲ್ಲ, ಆಸನದ ದೋಷ. ಬೆನ್ನಿನ ಹಿಂದೆ ಗಟ್ಟಿಯಾದ, ಜಾರದಂತೆ ಕಟ್ಟಿದ ದಿಂಬೊಂದನ್ನು ಇಟ್ಟು, ಪೆಡಲ್ ಪೂರ್ತಿ ಕೆಳಗಿದ್ದಾಗಲೂ ಮೊಣಕಾಲು ಸ್ವಲ್ಪ ಮಡಿಚಿರುವಂತೆ ನೋಡಿಕೊಂಡರೆ ಸಾಕು. ಪೆಡಲಿನ ಕೆಳಗೆ ದಪ್ಪನೆಯ ಚಾಪೆ ಹಾಸಿದ್ದರೆ ಅದನ್ನು ತೆಗೆಯಬೇಕು. ಅದೂ ಪೆಡಲನ್ನು ಅರ್ಧದಲ್ಲಿ ತಡೆಯುತ್ತದೆ. ಹಿಮ್ಮಡಿಗೆ ಪಟ್ಟಿ ಇಲ್ಲದ ಚಪ್ಪಲಿ ಬೇಡ.

ಮತ್ತೊಂದು, ಎಡಗಾಲನ್ನು ಇಡಲು ಜಾಗವಿಲ್ಲದ ಕಾರಣ ಅದನ್ನು ಪೆಡಲಿನ ಮೇಲೆಯೇ ಇಟ್ಟುಕೊಂಡು ಓಡಿಸುವುದು. ಕಾಲಿನ ಭಾರವಷ್ಟೇ ಬಿದ್ದರೂ ರಿಲೀಸ್ ಬೇರಿಂಗು ಸದಾ ತಿರುಗುತ್ತದೆ, ಪ್ಲೇಟಿನ ಹಿಡಿತ ತುಸು ಸಡಿಲುತ್ತದೆ. ಪೆಡಲಿನ ಎಡಕ್ಕೆ ನೆಲದ ಮೇಲೆ ಕಾಲೂರಲು ಜಾಗ ಇದ್ದೇ ಇರುತ್ತದೆ, ರೂಢಿ ಮಾಡಿಕೊಳ್ಳಬೇಕಷ್ಟೆ.

ಗ್ಯಾರೇಜಿಗೆ ಮುನ್ನ ಮಾಡಬೇಕಾದ ಪರೀಕ್ಷೆಗಳು

ಮೊದಲನೆಯದು ಪೆಡಲಿನ ಪ್ಲೇ. ಎಂಜಿನ್ ನಿಲ್ಲಿಸಿ, ಪೆಡಲನ್ನು ಕೈಯಿಂದ ನಿಧಾನವಾಗಿ ಒತ್ತಬೇಕು. ಆರಂಭದಲ್ಲಿ ಹಗುರಾಗಿ ಸರಿದು, ನಂತರ ಒಮ್ಮೆಲೇ ಭಾರವಾಗುವ ಬಿಂದು ಸಿಗುತ್ತದೆ. ಅಲ್ಲಿಯವರೆಗಿನ ಚಲನೆಯನ್ನು ಸ್ಕೇಲಿನಿಂದ ಅಳೆಯಬೇಕು. ಕೇಬಲ್ ಇರುವ ವಾಹನಗಳಲ್ಲಿ ಇದು ಸಾಮಾನ್ಯವಾಗಿ 10ರಿಂದ 25 ಮಿ.ಮೀ. ನಡುವೆ ಇರುತ್ತದೆ, ನಿಖರವಾದ ಅಳತೆ ಆಯಾ ವಾಹನದ ಕೈಪಿಡಿಯಲ್ಲಿದೆ. ಹೊಸಬರಿಗೆ ಅಚ್ಚರಿಯಾಗುವ ಸಂಗತಿಯೆಂದರೆ, ಪ್ಲೇಟ್ ಸವೆದಂತೆ ಪ್ಲೇ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಲೈನಿಂಗ್ ತೆಳುವಾದಾಗ ಸ್ಪ್ರಿಂಗಿನ ಬೆರಳುಗಳು ಹಿಂದಕ್ಕೆ ವಾಲಿ ರಿಲೀಸ್ ಬೇರಿಂಗಿನ ಹತ್ತಿರ ಬರುತ್ತವೆ. ಪ್ಲೇ ಪೂರ್ತಿ ಮುಗಿದರೆ ಬೇರಿಂಗು ಬೆರಳುಗಳನ್ನು ಸದಾ ಒತ್ತಿಕೊಂಡೇ ಇರುತ್ತದೆ; ಯಾರೂ ಪೆಡಲ್ ಮುಟ್ಟದಿದ್ದರೂ ಕ್ಲಚ್ ಅರ್ಧ ಒತ್ತಿದಂತಾಗುತ್ತದೆ. ಆಗ ಪ್ಲೇಟಿನಲ್ಲಿ ಇನ್ನೂ ಲೈನಿಂಗ್ ಉಳಿದಿದ್ದರೂ ಅದು ಜಾರುತ್ತದೆ. ಕೇಬಲಿನ ನಟ್ಟನ್ನು ಸಡಿಲಿಸಿ ಪ್ಲೇ ಸರಿಪಡಿಸಿದರೆ ಹಿಡಿತ ಮರಳಿ ಬರುವುದುಂಟು. ಬಹಳ ದಿನ ಹಾಗೆಯೇ ಓಡಿಸಿದ್ದರೆ ಲೈನಿಂಗ್ ಸುಟ್ಟು ಗಾಜಿನಂತೆ ನುಣುಪಾಗಿರುತ್ತದೆ. ಆಗ ನಟ್ಟಿನಿಂದ ಪ್ರಯೋಜನವಿಲ್ಲ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ಪ್ಲೇ ಅಳೆದು ಬರೆದಿಡುವುದು ಈ ಪಾಠದಲ್ಲಿರುವ ಎಲ್ಲ ಕೆಲಸಗಳಲ್ಲಿ ಅತಿ ಅಗ್ಗದ್ದು, ಅತಿ ಲಾಭದ್ದು.

ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಈ ಸವೆತವನ್ನು ವ್ಯವಸ್ಥೆಯೇ ಸರಿದೂಗಿಸಿಕೊಳ್ಳುತ್ತದೆ. ಅಲ್ಲಿ ನೋಡಬೇಕಾದುದು ಡಬ್ಬಿಯಲ್ಲಿನ ದ್ರವದ ಮಟ್ಟ. ಮಟ್ಟ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಪೆಡಲಿನ ಬಳಿಯ ಮತ್ತು ಗೇರ್ ಬಾಕ್ಸಿನ ಬಳಿಯ ಸಿಲಿಂಡರುಗಳನ್ನು ಒರೆಸಿ ನೋಡಬೇಕು. ಪೆಡಲ್ ಸ್ಪಂಜಿನಂತೆ ಮೆತ್ತಗಾಗಿದ್ದು, ಎರಡು ಮೂರು ಬಾರಿ ಒತ್ತಿದ ಮೇಲೆ ಗಟ್ಟಿಯಾದರೆ ಒಳಗೆ ಗಾಳಿ ಸೇರಿದೆ. ಇವೆರಡಕ್ಕೂ ಗೇರ್ ಬಾಕ್ಸ್ ಇಳಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ದ್ರವವು ಕೈಪಿಡಿ ಹೇಳಿದ ದರ್ಜೆಯದ್ದೇ ಆಗಿರಬೇಕು, ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4 ಬ್ರೇಕ್ ದ್ರವ. ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ.

ಎರಡನೆಯದು ಜಾರುವಿಕೆಯ ಪರೀಕ್ಷೆ. ಸಮತಟ್ಟಾದ ನೆಲದಲ್ಲಿ, ಮುಂದೆ ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಪೆಡಲನ್ನೂ ಒತ್ತಿಕೊಂಡು, ಮೂರನೆಯ ಅಥವಾ ನಾಲ್ಕನೆಯ ಗೇರ್ ಹಾಕಿ ಕ್ಲಚ್ ಪೆಡಲನ್ನು ನಿಧಾನವಾಗಿ ಬಿಡಬೇಕು. ಎಂಜಿನ್ ಥಟ್ಟನೆ ಬಂದ್ ಆದರೆ ಕ್ಲಚ್ ಹಿಡಿಯುತ್ತಿದೆ. ಪೆಡಲ್ ಪೂರ್ತಿ ಬಿಟ್ಟ ಮೇಲೂ ಎಂಜಿನ್ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಕೂಡಲೇ ಪೆಡಲ್ ಒತ್ತಬೇಕು. ಈ ಪರೀಕ್ಷೆಯೇ ಪ್ಲೇಟನ್ನು ಬಿಸಿ ಮಾಡುವುದರಿಂದ ಒಂದೇ ಬಾರಿ ಮಾಡಬೇಕು. ಪ್ರತಿಯೊಬ್ಬ ಸದಸ್ಯರಿಗೂ ತೋರಿಸುವ ಪ್ರದರ್ಶನ ಇದಲ್ಲ.

ಮೂರನೆಯದು ಬಿಡುಗಡೆಯ ಪರೀಕ್ಷೆ. ಎಂಜಿನ್ ನಿಧಾನ ಗತಿಯಲ್ಲಿರುವಾಗ ಪೆಡಲನ್ನು ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡು ಕಾಯ್ದು ರಿವರ್ಸ್ ಹಾಕಬೇಕು. ಬಹುತೇಕ ಸಣ್ಣ ವಾಹನಗಳ ರಿವರ್ಸ್ ಗೇರಿಗೆ ಸಿಂಕ್ರೊ ಇರುವುದಿಲ್ಲ, ಆದ್ದರಿಂದ ಅದು ಸುಳ್ಳು ಹೇಳುವುದಿಲ್ಲ. ಕಾಯ್ದ ಮೇಲೂ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ: ಕೇಬಲ್ ಸಡಿಲಾಗಿದೆ, ಗಾಳಿ ಸೇರಿದೆ, ಪೆಡಲ್ ಕೊನೆಯವರೆಗೆ ಹೋಗುತ್ತಿಲ್ಲ, ಅಥವಾ ಪ್ಲೇಟ್ ಬಾಗಿದೆ. ಎಂಜಿನ್ ನಿಲ್ಲಿಸಿದಾಗ ಎಲ್ಲ ಗೇರುಗಳೂ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಬೀಳದಿದ್ದರೆ ತಪ್ಪು ಬಹುಮಟ್ಟಿಗೆ ಕ್ಲಚ್ಚಿನದು, ಗೇರ್ ಬಾಕ್ಸಿನದಲ್ಲ. ಎಂಜಿನ್ ನಿಂತಾಗಲೂ ಗೇರ್ ಬೀಳದಿದ್ದರೆ ಗೇರ್ ಲಿವರಿನ ಕೇಬಲ್, ಸಂದುಗಳು ಮತ್ತು ಬುಷ್‌ಗಳನ್ನು ಮೊದಲು ನೋಡಬೇಕು.

ನಾಲ್ಕನೆಯದು ಕಿವಿಯ ಪರೀಕ್ಷೆ. ವಾಹನ ನಿಲ್ಲಿಸಿ, ನ್ಯೂಟ್ರಲಿನಲ್ಲಿ ಎಂಜಿನ್ ಓಡಿಸಿ ಆಲಿಸಬೇಕು. ಪೆಡಲ್ ಮೇಲಿದ್ದಾಗ ಗುರುಗುರು ಸದ್ದಿದ್ದು ಪೆಡಲ್ ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಮುಂದಿನ ಶಾಫ್ಟಿನ ಬೇರಿಂಗನ್ನು ಶಂಕಿಸಬೇಕು. ಪೆಡಲ್ ಮೇಲಿದ್ದಾಗ ಸದ್ದಿಲ್ಲದೆ, ಒತ್ತಿದಾಗ ಕಿರ್ ಎಂದರೆ ಅದು ರಿಲೀಸ್ ಬೇರಿಂಗು. ಓಡುವಾಗ ಒಂದೇ ಒಂದು ಗೇರಿನಲ್ಲಿ ಕೂಗಿದರೆ ಆ ಗೇರಿನ ಹಲ್ಲು ಅಥವಾ ಅದರ ಬೇರಿಂಗು ಸವೆದಿದೆ. ಯಾವ ಗೇರಿನಲ್ಲಿದ್ದರೂ ವಾಹನದ ವೇಗಕ್ಕೆ ತಕ್ಕಂತೆ ಏರಿಳಿಯುವ ಸದ್ದು ಡಿಫರೆನ್ಷಿಯಲ್ಲಿನದೋ ಗಾಲಿಯ ಬೇರಿಂಗಿನದೋ ಆಗಿರುತ್ತದೆ. ಅದಕ್ಕಾಗಿ ಕ್ಲಚ್ ಬಿಚ್ಚಿಸಿದರೆ ಸದ್ದು ಹಾಗೆಯೇ ಉಳಿಯುತ್ತದೆ, ಬಿಲ್ಲು ಮಾತ್ರ ಬರುತ್ತದೆ.

ಹೊರಡುವಾಗ ವಾಹನ ನಡುಗಿದರೆ ಪ್ಲೇಟಿಗೆ ಎಣ್ಣೆ ತಗುಲಿರಬಹುದು, ಫ್ಲೈವೀಲ್ ಸುಟ್ಟು ಕಲೆಗಟ್ಟಿರಬಹುದು, ಅಥವಾ ಎಂಜಿನ್ ಕೂರುವ ರಬ್ಬರ್ ಮೌಂಟಿಂಗ್ ಹರಿದಿರಬಹುದು. ಮೌಂಟಿಂಗನ್ನು ಮೊದಲು ನೋಡುವುದು ಜಾಣತನ, ಏಕೆಂದರೆ ಅದು ಹೊರಗೇ ಕಾಣುತ್ತದೆ. ಹಾಕಿದ ಗೇರ್ ತಾನಾಗಿ ಜಿಗಿದು ನ್ಯೂಟ್ರಲಿಗೆ ಬರುವುದಕ್ಕೂ ಒಮ್ಮೊಮ್ಮೆ ಹರಿದ ಮೌಂಟಿಂಗೇ ಕಾರಣ.

ಗೇರ್ ಬಾಕ್ಸಿನ ಎಣ್ಣೆ ಮತ್ತು ನೆರೆ ನೀರು

ಗೇರ್ ಬಾಕ್ಸ್ ಬೇಡುವುದು ಬಹಳ ಕಡಿಮೆ: ಸರಿಯಾದ ಎಣ್ಣೆ, ಸರಿಯಾದ ಮಟ್ಟ. ಸಮತಟ್ಟಿನಲ್ಲಿ ನಿಲ್ಲಿಸಿ ಪಕ್ಕದ ತುಂಬುವ ಬಿರಡೆ ತೆಗೆದಾಗ ಎಣ್ಣೆ ಸಾಮಾನ್ಯವಾಗಿ ರಂಧ್ರದ ಕೆಳ ಅಂಚಿನವರೆಗೆ ಇರಬೇಕು. ಎಣ್ಣೆಯ ದರ್ಜೆಯನ್ನು ಕೈಪಿಡಿ ನೋಡಿಯೇ ಆರಿಸಬೇಕು. ಜಿಎಲ್-4 ಎಂದು ಹೇಳಿರುವ ಕಡೆ ಜಿಎಲ್-5 ಸುರಿದರೆ ಅದರಲ್ಲಿರುವ ಗಂಧಕಯುಕ್ತ ಸಂಯೋಜನೆಗಳು ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಹಾನಿ ಮಾಡಬಹುದು. ಡಿಫರೆನ್ಷಿಯಲ್ಲಿಗೆ ಜಿಎಲ್-5 ಬೇಕಾಗುವುದರಿಂದ ಒಂದೇ ಡಬ್ಬಿಯಿಂದ ಎರಡಕ್ಕೂ ಸುರಿಯುವ ಅಭ್ಯಾಸ ಗ್ಯಾರೇಜುಗಳಲ್ಲಿ ಕಂಡುಬರುತ್ತದೆ. ತೆಗೆದ ಎಣ್ಣೆಯನ್ನು ಬೆರಳಿನಲ್ಲಿ ಉಜ್ಜಿ ನೋಡಬೇಕು. ಬಂಗಾರದ ಪುಡಿಯಂಥ ನುಣುಪು ಕಣಗಳು ಸಿಂಕ್ರೊ ರಿಂಗಿನ ಸವೆತ. ಉಕ್ಕಿನ ಚೂರು ಕಂಡರೆ ವಾಹನವನ್ನು ಮುಂದೆ ಓಡಿಸಬಾರದು.

2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೆರೆಯು ಕೊಣ್ಣೂರು, ಲಖಮಾಪುರ, ಹೊಳೆಆಲೂರು ಮೊದಲಾದ ಊರುಗಳನ್ನು ಆವರಿಸಿದುದು ಎಲ್ಲರ ನೆನಪಿನಲ್ಲಿದೆ. ಬೆಣ್ಣಿಹಳ್ಳದ ದಂಡೆಯ ಊರುಗಳಿಗೂ ಇದು ಹೊಸದಲ್ಲ. ನೀರಿನಲ್ಲಿ ನಿಂತ ಅಥವಾ ಗಾಲಿಯ ನಡುಮಟ್ಟದ ನೀರು ದಾಟಿದ ವಾಹನದ ಗೇರ್ ಬಾಕ್ಸಿಗೆ ಉಸಿರುರಂಧ್ರದ ಮೂಲಕ ನೀರು ಸೇರುತ್ತದೆ. ಓಡಿ ಬಿಸಿಯಾದ ಗೇರ್ ಬಾಕ್ಸ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರುತ್ತದೆ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿರುವುದು ಖಚಿತ. ಎಣ್ಣೆಯನ್ನು ಬಸಿದು, ಹೊಸದು ಹಾಕಿ, ಸ್ವಲ್ಪ ಓಡಿಸಿ ಮತ್ತೊಮ್ಮೆ ಬಸಿಯಬೇಕಾಗುತ್ತದೆ. ಡಿಫರೆನ್ಷಿಯಲ್ಲಿಗೂ ಇದೇ ಕ್ರಮ.

ಕ್ಲಚ್ಚಿನ ಕವಚದೊಳಗೆ ನೀರು ಹೊಕ್ಕು ವಾಹನ ಕೆಲ ದಿನ ನಿಂತರೆ ಫ್ಲೈವೀಲ್ ತುಕ್ಕು ಹಿಡಿದು ಪ್ಲೇಟ್ ಅದಕ್ಕೆ ಅಂಟಿಕೊಳ್ಳುತ್ತದೆ. ಪೆಡಲ್ ಒತ್ತಿದರೂ ಯಾವ ಗೇರೂ ಬೀಳದು. ಇದನ್ನು ಕಂಡು ಪ್ಲೇಟ್ ಹೋಗಿದೆ ಎನ್ನುವವರು ಹೆಚ್ಚು. ಪ್ಲೇಟ್ ಹೋಗಿಲ್ಲ, ಅಂಟಿದೆ. ಇದನ್ನು ಬಿಡಿಸುವ ವಿಧಾನ ಬಲ್ಲ ಮೆಕ್ಯಾನಿಕರ ಕೈಯಿಂದಲೇ, ತೆರೆದ ಬಯಲಿನಲ್ಲಿ, ಆ ಕೆಲಸ ಆಗಬೇಕು. ಚಾಲಕಿ ಒಬ್ಬಳೇ ಪ್ರಯತ್ನಿಸಬಾರದು.

ಗೇರ್ ಬಾಕ್ಸ್ ಇಳಿಸಲೇಬೇಕಾದಾಗ

ಪ್ಲೇ ಸರಿಪಡಿಸಿದ ಮೇಲೂ ಜಾರುವಿಕೆ ಉಳಿದರೆ ಗೇರ್ ಬಾಕ್ಸ್ ಇಳಿಸುವುದು ಅನಿವಾರ್ಯ, ತಡ ಮಾಡುವುದೂ ತಪ್ಪು. ಜಾರುವ ಪ್ಲೇಟಿನಲ್ಲಿಯೇ ತಿಂಗಳುಗಟ್ಟಲೆ ಓಡಿಸಿದರೆ ರಿವೆಟುಗಳು ಫ್ಲೈವೀಲನ್ನು ಕೊರೆದು ಖರ್ಚು ಹೆಚ್ಚುತ್ತದೆ. ಒಮ್ಮೆ ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದು ಸರಿ. ಇಳಿಸಿ ಏರಿಸುವ ಕೂಲಿಯೇ ದೊಡ್ಡದು. ಬೇರಿಂಗಿನ ಹಣ ಉಳಿಸಲು ಹೋಗಿ ಆರು ತಿಂಗಳಿಗೆ ಮತ್ತೆ ಅದೇ ಕೂಲಿ ತೆರುವುದು ಉಳಿತಾಯವಲ್ಲ. ಕವಚದ ಒಳಗೆ ಎಣ್ಣೆ ಕಂಡರೆ ಅದು ಎಂಜಿನ್ ಸೀಲಿನದೋ ಗೇರ್ ಬಾಕ್ಸ್ ಸೀಲಿನದೋ ಎಂದು ತಿಳಿದು ಆ ಸೀಲನ್ನು ಬದಲಿಸದೆ ಹೊಸ ಪ್ಲೇಟ್ ಹಾಕಬಾರದು. ಗೇರ್ ಎಣ್ಣೆಗೆ ಗಂಧಕದ ಕಟು ವಾಸನೆ ಇರುವುದರಿಂದ ಮೂಗೇ ಇದನ್ನು ಹೇಳುತ್ತದೆ. ಹೊಸ ಪ್ಲೇಟ್ ಕೂತ ನಂತರದ ಮೊದಲ ಕೆಲವು ನೂರು ಕಿಲೋಮೀಟರ್ ಭಾರ ಕಡಿಮೆ ಇಡಬೇಕು.

ಪಂಚಾಯತಿಯ ದಾಖಲೆ

ದುರಸ್ತಿಯ ಹಣ ಕಸ ಶುಲ್ಕದಿಂದ ಬರಲಿ, ಅನುದಾನದಿಂದ ಬರಲಿ, ಅಂದಾಜು ಪತ್ರದಲ್ಲಿ “ಕ್ಲಚ್ ಕೆಲಸ” ಎಂಬ ಎರಡೇ ಪದಗಳಿದ್ದರೆ ಲೆಕ್ಕ ಪರಿಶೋಧಕರಿಗೆ ಉತ್ತರಿಸುವುದು ಕಷ್ಟ. ಪ್ಲೇ ಎಷ್ಟು ಮಿ.ಮೀ. ಇತ್ತು, ಜಾರುವಿಕೆಯ ಪರೀಕ್ಷೆಯಲ್ಲಿ ಎಂಜಿನ್ ನಿಂತಿತೋ ಇಲ್ಲವೋ, ರಿವರ್ಸ್ ಹಾಕುವಾಗ ಸದ್ದಾಯಿತೋ, ಸದ್ದು ಪೆಡಲ್ ಒತ್ತಿದಾಗಲೋ ಬಿಟ್ಟಾಗಲೋ ಎಂಬ ನಾಲ್ಕು ಉತ್ತರಗಳನ್ನು ಲಾಗ್ ಪುಸ್ತಕದಲ್ಲಿ ದಿನಾಂಕ, ಮೀಟರ್ ಅಂಕಿಯೊಂದಿಗೆ ಬರೆದು, ಅದರ ನಕಲನ್ನು ದರಪಟ್ಟಿಯೊಂದಿಗೆ ಇಡಬೇಕು. ನಾಲ್ಕು ಸಾಲು ಸಾಕು. ಒಳ್ಳೆಯ ಮೆಕ್ಯಾನಿಕರು ಇಂಥ ಚೀಟಿಯನ್ನು ಸ್ವಾಗತಿಸುತ್ತಾರೆ, ಅವರ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಹದಿನೈದು ದಿನಕ್ಕೊಮ್ಮೆ ಬರೆದ ಪ್ಲೇ ಅಳತೆಗಳು ಚಾಲಕಿಗೂ ರಕ್ಷಣೆ. ಅಳತೆ 20ರಿಂದ 15ಕ್ಕೆ, 15ರಿಂದ 8ಕ್ಕೆ ಇಳಿದುದು ಪುಸ್ತಕದಲ್ಲಿದ್ದು, ಕೇಬಲ್ ಸರಿಪಡಿಸಲು ಆಕೆ ಬರೆದುಕೊಟ್ಟ ಕೋರಿಕೆಯೂ ಅದರ ಪಕ್ಕದಲ್ಲಿದ್ದರೆ, ಪ್ಲೇಟ್ ಸುಟ್ಟ ದಿನ ಹೊಣೆ ಯಾರದೆಂಬುದಕ್ಕೆ ಕಟ್ಟೆಯ ತೀರ್ಪು ಬೇಕಾಗುವುದಿಲ್ಲ. ಅಭಿವೃದ್ಧಿ ಅಧಿಕಾರಿಗಳು ಆ ಕೋರಿಕೆಗೆ ಸಹಿ ಮಾಡಿದ ದಿನಾಂಕವೂ ಅಲ್ಲಿಯೇ ಇರುತ್ತದೆ.

ಬದಲಿಸಿದ ಹಳೆಯ ಪ್ಲೇಟ್, ಪ್ರೆಷರ್ ಪ್ಲೇಟ್ ಮತ್ತು ಬೇರಿಂಗನ್ನು ಗ್ಯಾರೇಜಿನಲ್ಲಿ ಬಿಡದೆ ಪಂಚಾಯತಿಗೆ ತಂದು ದಾಸ್ತಾನು ವಹಿಯಲ್ಲಿ ನಮೂದಿಸಬೇಕು. ಹಳೆಯ ಪ್ಲೇಟಿನಲ್ಲಿ ಲೈನಿಂಗಿನ ಮೇಲ್ಮೈಯಿಂದ ರಿವೆಟಿನ ತಲೆಯವರೆಗಿನ ಆಳವನ್ನು ವರ್ನಿಯರ್ ಇದ್ದರೆ ಅದರಿಂದ, ಇಲ್ಲದಿದ್ದರೆ ಮೆಕ್ಯಾನಿಕರಿಂದಲೇ ಅಳೆಸಬೇಕು. ಹಲವು ತಯಾರಕರು 0.3 ಮಿ.ಮೀ. ಆಳವನ್ನು ಕನಿಷ್ಠ ಮಿತಿಯಾಗಿ ಹೇಳುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೆ ಪ್ಲೇಟ್ ತನ್ನ ಆಯುಷ್ಯ ಮುಗಿಸಿ ಸವೆದಿದೆ. ಆಳ ಬೇಕಾದಷ್ಟಿದ್ದು ಮೇಲ್ಮೈ ಕಪ್ಪಾಗಿ ಸುಟ್ಟಿದ್ದರೆ ಭಾರ, ಏರು ಅಥವಾ ಹಾಫ್ ಕ್ಲಚ್ಚಿನ ಕಡೆಗೆ ನೋಡಬೇಕು. ಆಳವೂ ಇದ್ದು ಮೇಲ್ಮೈಯೂ ಸ್ವಚ್ಛವಾಗಿದ್ದರೆ ಆ ಪ್ಲೇಟನ್ನು ಏಕೆ ಬದಲಿಸಲಾಯಿತೆಂದು ಗ್ಯಾರೇಜಿನವರನ್ನು ಕೇಳಬೇಕು. ಈ ಅಳತೆಯನ್ನು ಚಾಲಕಿಯ ಎದುರಿನಲ್ಲಿಯೇ ತೆಗೆದು, ಬಿಲ್ಲು ಪಾವತಿಗೆ ಮುನ್ನ ಲಾಗ್ ಪುಸ್ತಕದಲ್ಲಿ ಬರೆದು, ಆಕೆಯ ಸಹಿಯನ್ನೂ ಪಡೆಯತಕ್ಕದ್ದು.